ಪಾದ್ರಿಯ ಜೋಳಿಗೆಯಲ್ಲಿ ಸರ್ವಜ್ಞ

ವಚನಗಳ ಮಾತು ಬಂದರೆ ವಿಜಯಪುರ ಜಿಲ್ಲೆಯವರಿಗೆ ಮೊದಲು ನೆನಪಾಗುವವರು ವಕೀಲ ಫ.ಗು. ಹಳಕಟ್ಟಿ. ಮನೆಮನೆಯ ಓಲೆಗರಿ ಹುಡುಕಿ ಅವರು ‘ವಚನಶಾಸ್ತ್ರಸಾರ’ದ ಮೊದಲ ಭಾಗ ತಂದದ್ದು 1923ರಲ್ಲಿ. ಮರುವರ್ಷವೇ ‘ಸರ್ವಜ್ಞನ ವಚನಗಳು’ ಬಂತು. ಅದರ ಸಂಪಾದಕರು ಬಾಸೆಲ್ ಮಿಶನ್ನಿನ ಪಾದ್ರಿ, ರೆವರೆಂಡ್ ಉತ್ತಂಗಿ ಚನ್ನಪ್ಪ. ಇಬ್ಬರೂ ಧಾರವಾಡದಲ್ಲಿ ಹುಟ್ಟಿದವರು. ಹಳಕಟ್ಟಿ 1880ರಲ್ಲಿ, ಚನ್ನಪ್ಪ 1881ರಲ್ಲಿ.

ಮಂಗಳೂರಿನಲ್ಲಿ ದೇವಶಾಸ್ತ್ರ ಓದಿ ಬಂದ ಚನ್ನಪ್ಪನವರದು ಊರೂರು ತಿರುಗಿ ಸುವಾರ್ತೆ ಸಾರುವ ಕೆಲಸ. ಸಾರಲು ಹೋದವರು ಕೇಳಲೂ ಕಲಿತರು. ಮಾತಿಗೊಮ್ಮೆ ಸರ್ವಜ್ಞನನ್ನು ಎಳೆದು ತರುವ ಸೀಮೆಯಿದು. ಅವನನ್ನು ಅರಿಯದೆ ಇಲ್ಲಿಯ ಜನರನ್ನು ಅರಿಯುವುದು ಕಷ್ಟ.

ಸರ್ವಜ್ಞನನ್ನು ಸಂಪಾದಿಸುವುದು ಸಲೀಸಿನ ಕೆಲಸವಲ್ಲ. ಮೂರು ಸಾಲು, ಕೊನೆಗೆ ‘ಸರ್ವಜ್ಞ’ ಎಂಬ ಅಂಕಿತ. ಯಾರು ಬೇಕಾದರೂ ಒಂದು ಪದ ಹೊಸೆದು ಅವನ ಹೆಸರಿಗೆ ಅಂಟಿಸಬಹುದು. ಹಾಗೆ ಅಂಟಿಸಿದವರೂ ಕಡಿಮೆಯಿಲ್ಲ. ಒಂದೇ ತ್ರಿಪದಿಗೆ ಊರಿಗೊಂದು ಪಾಠ ಬೇರೆ. ಚನ್ನಪ್ಪನವರು ಜನರ ಬಾಯಲ್ಲಿದ್ದುದನ್ನೂ ಹಸ್ತಪ್ರತಿಗಳಲ್ಲಿದ್ದುದನ್ನೂ ಕೂಡಿಹಾಕಿ, ವಿಷಯವಾರು ವಿಂಗಡಿಸಿ, ಸುಮಾರು 2000 ತ್ರಿಪದಿಗಳನ್ನು ಓದುಗರ ಕೈಗಿಟ್ಟರು. ಏಳು ವರ್ಷದ ಬಳಿಕ, 1931ರಲ್ಲಿ, ಆಗಿನ ಇಂಡಿ ತಾಲ್ಲೂಕಿನ ಹಲಸಂಗಿ ಗೆಳೆಯರು ‘ಗರತಿಯ ಹಾಡು’ ತಂದು ಬೀಸುಕಲ್ಲಿನ ತ್ರಿಪದಿಗೂ ಅಂಥದೇ ಮಾನ ತಂದುಕೊಟ್ಟರು.

ಚನ್ನಪ್ಪ ಸರ್ವಜ್ಞನಲ್ಲೇ ನಿಲ್ಲಲಿಲ್ಲ. ಅನುಭವ ಮಂಟಪ ನಿಜವಾಗಿ ಇತ್ತೋ, ಕವಿಕಲ್ಪನೆಯೋ ಎಂಬ ವಿವಾದ ಎದ್ದಾಗ, ಅದು ಇತ್ತೆಂದು ವಾದಿಸಿ ‘ಅನುಭವ ಮಂಟಪದ ಐತಿಹಾಸಿಕತೆ’ ಬರೆದರು. ಸೊನ್ನಲಿಗೆಯ ಸಿದ್ಧರಾಮನ ಸಾಹಿತ್ಯವನ್ನೂ ಸಂಗ್ರಹಿಸಿದರು. ತಮ್ಮನ್ನು ‘ತಿರುಳ್ಗನ್ನಡದ ತಿರುಕ’ ಎಂದುಕೊಂಡ ಈ ಪಾದ್ರಿಯನ್ನು 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನ ಅಧ್ಯಕ್ಷ ಪೀಠದಲ್ಲಿ ಕೂರಿಸಿತು. 1962ರಲ್ಲಿ ತೀರಿಕೊಂಡರು.

ಯೇಸುವನ್ನು ನಂಬಿಕೊಂಡೇ ಅವರು ಬಸವಣ್ಣನ ಬಳಿಗೆ ಬಂದರು. ಒಬ್ಬರಿಗಾಗಿ ಇನ್ನೊಬ್ಬರನ್ನು ಬಿಡಬೇಕೆಂದು ಅವರಿಗೆ ಅನಿಸಲಿಲ್ಲ. ಧರ್ಮ ಬೇರೆಯಾದರೆ ನೆಲದ ನಂಟು ಹರಿಯುತ್ತದೆ ಎನ್ನುವವರಿಗೆ ಅವರ ಪುಸ್ತಕಗಳೇ ಉತ್ತರ. ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಬಸವ ಜಯಂತಿ ವೇದಿಕೆಗಳಲ್ಲಿ ಅನುಭವ ಮಂಟಪದ ಹೆಸರೆತ್ತದೆ ಭಾಷಣ ಮುಗಿಯದು. ಅದರ ಪರ ನಿಂತು ವಾದಿಸಿದ ಪಾದ್ರಿಯ ಹೆಸರೂ ಅಲ್ಲಿ ಕೇಳಿಬರಬೇಕು.