ಎರಡು ವರ್ಷಕ್ಕೆಂದು ಹೊರಟವರು ಮುಸಾಫಿರರೇ?

ಪರದೇಶವೆಂದರೆ ನಮ್ಮ ಮನೆಗಳಲ್ಲಿ ಬಹುಕಾಲದಿಂದ ಗಲ್ಫ್ ಎಂದೇ ಅರ್ಥ. ದುಬೈ, ದಮ್ಮಾಮ್, ಜಿದ್ದಾ, ಕುವೈತ್‌ಗಳ ಹೆಸರು ಕರಾವಳಿಯ ಮಕ್ಕಳಿಗೂ ಬಾಯಿಪಾಠ. ಗಂಡ ಅಲ್ಲಿ, ಹೆಂಡತಿ ಇಲ್ಲಿ, ನಡುವೆ ಫೋನು. ಆ ಬದುಕಿನ ಸಿಹಿಕಹಿ ಎರಡೂ ನಮಗೆ ಗೊತ್ತು. ಆದರೆ ಈಗ ನಮ್ಮ ದೇಶದ ಯುವಕರು ಕೆಲಸಕ್ಕೆಂದು ಹೊರಡುವ ಊರುಗಳ ಪಟ್ಟಿಗೆ ಹೊಸ ಹೆಸರುಗಳು ಸೇರಿವೆ. ಮಧ್ಯ ಯುರೋಪಿನ ಪೋಲೆಂಡ್ ಅವುಗಳಲ್ಲೊಂದು. ಸಾಫ್ಟ್‌ವೇರ್ ಕಚೇರಿ, ಲೆಕ್ಕಪತ್ರದ ಕೆಲಸ, ಕಾರ್ಖಾನೆ, ಗೋದಾಮು ಎಂದು ಬೇರೆ ಬೇರೆ ಕೆಲಸಗಳಿಗೆ ಭಾರತೀಯರು ಅಲ್ಲಿಗೆ ಹೋಗುತ್ತಿದ್ದಾರೆ.

ಹೊರಡುವಾಗ ಬಹುತೇಕ ಎಲ್ಲರೂ ಹೇಳುವ ಮಾತು ಒಂದೇ: “ಎರಡು ವರ್ಷದ ಮಟ್ಟಿಗೆ ತಾನೇ? ಹೋಗಿ ಬರೋಣ.” ಹೆಂಡತಿಯೂ ಜೊತೆಗೆ ಹೊರಟರೆ ಈ ಮಾತಿನ ತೂಕ ಹೆಚ್ಚು ಬೀಳುವುದು ಅವಳ ಮೇಲೆಯೇ. ಗಂಡನಿಗೆ ಕಚೇರಿಯಿದೆ, ಜೊತೆಗಾರರಿದ್ದಾರೆ. ಅವಳಿಗೆ ಇರುವುದು ಒಂದು ಬಾಡಿಗೆ ಮನೆ ಮತ್ತು ‘ತಾತ್ಕಾಲಿಕ’ ಎಂಬ ಒಂದು ಪದ.

ಮುಸಾಫಿರ ಮತ್ತು ಮುಕೀಮ

ಪ್ರಯಾಣಿಕನಿಗೆ ನಮಾಝನ್ನು ಸಂಕ್ಷಿಪ್ತಗೊಳಿಸುವ ರಿಯಾಯಿತಿ ಇದೆಯೆಂಬುದು ನಮಗೆಲ್ಲ ಗೊತ್ತು. ಆದರೆ ಆ ರಿಯಾಯಿತಿಗೊಂದು ಮಿತಿಯೂ ಇದೆ. ಹನಫಿ ಮದ್‌ಹಬ್‌ನ ಪ್ರಕಾರ ಒಂದು ಊರಿನಲ್ಲಿ ಹದಿನೈದು ದಿನ ಅಥವಾ ಹೆಚ್ಚು ತಂಗುವ ನಿಯ್ಯತ್ ಮಾಡಿದವನು ಮುಸಾಫಿರನಲ್ಲ, ಮುಕೀಮ. ಶಾಫಿಈ ಮದ್‌ಹಬ್‌ನಲ್ಲಿ ಬಂದ ದಿನ ಮತ್ತು ಹೊರಡುವ ದಿನ ಬಿಟ್ಟು ನಾಲ್ಕು ದಿನ. ಅಂದ ಮೇಲೆ ಎರಡು ವರ್ಷಕ್ಕೆಂದು ಹೋದವರ ಬಗ್ಗೆ ಹೇಳಬೇಕೆ? ಅವರು ಪೂರ್ಣ ನಮಾಝ್ ಮಾಡಬೇಕಾದವರು.

ಇದು ನಮಾಝಿಗೆ ಸಂಬಂಧಿಸಿದ ನಿಯಮ ನಿಜ. ಆದರೆ ಬದುಕಿಗೂ ಇದರಲ್ಲೊಂದು ಪಾಠವಿದೆ. ಪರವೂರಿನಲ್ಲಿ ಕಳೆಯುವ ಎರಡು ವರ್ಷವೂ ನಮ್ಮ ಆಯುಷ್ಯದ್ದೇ. ‘ಊರಿಗೆ ಮರಳಿದ ಮೇಲೆ ನೋಡೋಣ’ ಎಂದು ಕಲಿಕೆ, ಇಬಾದತ್, ಸ್ನೇಹ, ಮಕ್ಕಳ ತರಬೇತಿಗಳನ್ನೆಲ್ಲ ಮುಂದೂಡಿದರೆ ಆ ವರ್ಷಗಳನ್ನು ತಂದುಕೊಡುವವರು ಯಾರೂ ಇಲ್ಲ.

ಹೊಸಬರೇ ತುಂಬಿದ ನಗರ

ಪೋಲೆಂಡಿನ ಪಶ್ಚಿಮದಲ್ಲಿ ಓದ್ರಾ ನದಿಯ ದಂಡೆಯಲ್ಲಿರುವ ವ್ರೊತ್ಸ್ವಾಫ್ ನಗರವನ್ನೇ ತೆಗೆದುಕೊಳ್ಳಿ. ಆರು ಲಕ್ಷಕ್ಕೂ ಮಿಕ್ಕಿ ಜನ, ನದಿಯ ಕವಲುಗಳ ನಡುವೆ ಹಲವು ದ್ವೀಪಗಳು, ನೂರಕ್ಕೂ ಹೆಚ್ಚು ಸೇತುವೆಗಳು. ಹಳೆಯ ಚರ್ಚುಗಳಿರುವ ದ್ವೀಪದ ಬೀದಿಗಳಲ್ಲಿ ಸುಮಾರು ನೂರು ಗ್ಯಾಸ್ ದೀಪಗಳನ್ನು ಪ್ರತಿ ಸಂಜೆ ಒಬ್ಬ ಮನುಷ್ಯ ನಡೆದು ಬಂದು ಕೈಯಿಂದಲೇ ಹೊತ್ತಿಸುತ್ತಾನೆ. ಭಾರತೀಯರು ಕೆಲಸಕ್ಕೆ ಹೋಗುವ ಮುಖ್ಯ ನಗರಗಳಲ್ಲಿ ಇದೂ ಒಂದು.

1945ರವರೆಗೆ ಇದು ಬ್ರೆಸ್ಲಾವ್ ಎಂಬ ಜರ್ಮನ್ ನಗರವಾಗಿತ್ತು. ಯುದ್ಧ ಮುಗಿದು ಗಡಿಗಳು ಬದಲಾದಾಗ ಇದು ಪೋಲೆಂಡಿಗೆ ಸೇರಿತು. ಇದ್ದ ಜರ್ಮನರನ್ನು ಹೊರಗೆ ಕಳುಹಿಸಲಾಯಿತು. ಪೋಲೆಂಡಿನ ಇತರ ಭಾಗಗಳಿಂದಲೂ, ಸೋವಿಯತ್ ಒಕ್ಕೂಟದ ಪಾಲಾದ ಪೂರ್ವದ ಊರುಗಳಿಂದಲೂ ಮನೆಮಠ ಕಳೆದುಕೊಂಡ ಜನ ಬಂದು ಇಲ್ಲಿ ನೆಲೆಸಿದರು. ಆ ತಲೆಮಾರಿನವರಿಗೆ ಇನ್ನೊಬ್ಬರ ಅಡುಗೆಮನೆಯಲ್ಲಿ, ಇನ್ನೊಬ್ಬರ ಪಾತ್ರೆಗಳಲ್ಲಿ ಬದುಕು ಆರಂಭಿಸಬೇಕಾಗಿತ್ತು. 2022ರಲ್ಲಿ ಉಕ್ರೇನ್ ಮೇಲೆ ರಷ್ಯಾ ದಾಳಿ ಮಾಡಿದಾಗ ಮಕ್ಕಳನ್ನು ಎತ್ತಿಕೊಂಡು ಬಂದ ಸಾವಿರಾರು ತಾಯಂದಿರಿಗೂ ಈ ನಗರ ಆಶ್ರಯ ಕೊಟ್ಟಿತು.

ಪೋಲೆಂಡಿನವರು ಒಮ್ಮೆ ನಮ್ಮ ನೆರೆಯಲ್ಲಿಯೂ ಅತಿಥಿಗಳಾಗಿದ್ದರು. ಬೆಳಗಾವಿಗೆ ಹತ್ತಿರದ ಕೊಲ್ಹಾಪುರದ ಬಳಿ ವಳಿವಡೆ ಎಂಬಲ್ಲಿ 1943ರಿಂದ 1948ರವರೆಗೆ ಸುಮಾರು ಐದು ಸಾವಿರ ಪೋಲಿಷ್ ನಿರಾಶ್ರಿತರು ಶಿಬಿರ ಹೂಡಿದ್ದರು. ಹೆಚ್ಚಿನವರು ಮಹಿಳೆಯರು ಮತ್ತು ಮಕ್ಕಳು. ತಾತ್ಕಾಲಿಕವೆಂದು ಅವರು ಕೈಕಟ್ಟಿ ಕೂರಲಿಲ್ಲ. ಶಾಲೆ ನಡೆಸಿದರು, ಮಕ್ಕಳಿಗೆ ಪಾಠ ಹೇಳಿದರು.

ಕಾರ್ಡು ಎಂಬ ಹಗ್ಗ

ಗಲ್ಫಿನಲ್ಲಿ ಇಕಾಮ ಇದ್ದಂತೆ ಪೋಲೆಂಡಿನಲ್ಲಿ ‘ಕಾರ್ತಾ ಪೊಬಿತು’ ಎಂಬ ವಾಸದ ಕಾರ್ಡು ಇದೆ. ತಾತ್ಕಾಲಿಕ ವಾಸದ ಅನುಮತಿಯನ್ನು ಗರಿಷ್ಠ ಮೂರು ವರ್ಷಕ್ಕೆ ಕೊಡುತ್ತಾರೆ. ಸಾಮಾನ್ಯ ನೌಕರನ ಅನುಮತಿ ಒಬ್ಬ ನಿರ್ದಿಷ್ಟ ಮಾಲಕನಿಗೆ ಕಟ್ಟಿರುತ್ತದೆ. ಕೆಲಸ ಹೋದರೆ ಹದಿನೈದು ಕೆಲಸದ ದಿನಗಳೊಳಗೆ ಪ್ರಾಂತೀಯ ಕಚೇರಿಗೆ ತಿಳಿಸಬೇಕು. ಗಂಡನ ಕಾರ್ಡು ಅಲುಗಾಡಿದರೆ ಅವನನ್ನು ಆಧರಿಸಿ ಬಂದ ಹೆಂಡತಿ ಮಕ್ಕಳ ಕಾರ್ಡೂ ಅಲುಗಾಡುತ್ತದೆ.

ಹೊರಡುವ ಮೊದಲೇ ಸಹೋದರಿಯರು ಕೇಳಿ ತಿಳಿಯಬೇಕಾದ ಪ್ರಶ್ನೆ ಒಂದಿದೆ: ‘ನಾನು ಯಾವ ಆಧಾರದ ಮೇಲೆ ಹೋಗುತ್ತಿದ್ದೇನೆ?’ ಕುಟುಂಬ ಸೇರ್ಪಡೆಯ ಅನುಮತಿ ಸಿಕ್ಕಿದ ಪತ್ನಿಗೆ ಪೋಲೆಂಡಿನಲ್ಲಿ ಪ್ರತ್ಯೇಕ ಪರವಾನಗಿ ಇಲ್ಲದೆಯೇ ಕೆಲಸ ಮಾಡುವ ಹಕ್ಕಿದೆ. ಆದರೆ ಅದಕ್ಕೆ ಸಾಮಾನ್ಯವಾಗಿ ಗಂಡ ಅಲ್ಲಿ ಎರಡು ವರ್ಷ ಅನುಮತಿಯ ಮೇಲೆ ವಾಸಿಸಿರಬೇಕು. ಉನ್ನತ ವಿದ್ಯಾರ್ಹತೆಯ ನೌಕರರಿಗೆ ಕೊಡುವ ನೀಲಿ ಕಾರ್ಡು ಪಡೆದವರ ಕುಟುಂಬಕ್ಕೆ ಈ ಕಾಯುವಿಕೆ ಇಲ್ಲ. ಮೊದಲ ವರ್ಷವೇ ಬೇರೆ ಬಗೆಯ ಅನುಮತಿಯಲ್ಲಿ ಹೋದವಳಿಗೆ ಕೆಲಸದ ಹಕ್ಕು ತಾನಾಗಿ ಬರುವುದಿಲ್ಲ. ಊರಿನಲ್ಲಿ ಶಿಕ್ಷಕಿಯೋ ನರ್ಸೋ ಆಗಿದ್ದವಳು ಕೆಲಸ ಬಿಟ್ಟು ಹೊರಟರೆ, ಅಲ್ಲಿ ತನ್ನ ಸ್ಥಾನವೇನೆಂದು ಮೊದಲೇ ತಿಳಿದಿರಬೇಕು.

ಇನ್ನೊಂದು ಸಂಕಟವೂ ಇದೆ. ವೀಸಾ ಮುಗಿಯುವ ಮೊದಲು ಕಾರ್ಡಿಗೆ ಅರ್ಜಿ ಹಾಕಿದರೆ, ತೀರ್ಮಾನ ಬರುವವರೆಗೆ ಅಲ್ಲಿರುವುದು ಕಾನೂನುಬದ್ಧ. ಆದರೆ ಆ ತೀರ್ಮಾನಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಆ ಅವಧಿಯಲ್ಲಿ ದೇಶ ಬಿಟ್ಟು ಹೊರಟರೆ ಮರಳಿ ಬರಲು ಹೊಸ ವೀಸಾ ಬೇಕು. ಊರಿನಲ್ಲಿ ಬಾಪಾ ಹಾಸಿಗೆ ಹಿಡಿದಿದ್ದಾರೆಂಬ ಫೋನು ಆಗಲೇ ಬಂದರೆ? ಹೋದರೆ ಕೆಲಸ, ಮಕ್ಕಳ ಶಾಲೆ ಎಲ್ಲವೂ ಅತಂತ್ರ. ಹೋಗದಿದ್ದರೆ ಮಯ್ಯಿತ್ತಿನ ಮುಖವೂ ಕಾಣಲಿಕ್ಕಿಲ್ಲ. ವಯಸ್ಸಾದ ಹೆತ್ತವರಿರುವ ಮನೆಯವರು ಈ ವಿಷಯವನ್ನು ಹೊರಡುವ ಮೊದಲೇ ಅವರ ಮುಂದೆ ಕುಳಿತು ಮಾತಾಡಬೇಕು. ಮಾತಾಡಲು ಕಷ್ಟದ ವಿಷಯವೇ. ಆದರೆ ಆಮೇಲಿನ ಮನಸ್ತಾಪಕ್ಕಿಂತ ಈಗಿನ ಕಣ್ಣೀರು ವಾಸಿ.

ಒಳ್ಳೆಯದೂ ಬೇಕಷ್ಟಿದೆ. ಗಂಡನ ಆರೋಗ್ಯ ವಿಮೆಗೆ ಹೆಂಡತಿ ಮಕ್ಕಳ ಹೆಸರನ್ನು ಸೇರಿಸಬಹುದು. ಇದು ಮಾಲಕನ ಮೂಲಕ ಆಗುವ ಕೆಲಸ. ಹೆಸರು ಸೇರಿದೆಯೇ ಎಂದು ಮೊದಲ ವಾರದಲ್ಲೇ ಕೇಳಿಕೊಳ್ಳಿ. ಹೆರಿಗೆಯಾದ ಮೇಲೆ ಸೂಲಗಿತ್ತಿ ದಾದಿ ಮನೆಗೇ ಬಂದು ತಾಯಿ ಮಗುವನ್ನು ನೋಡಿಕೊಂಡು ಹೋಗುವ ಉಚಿತ ವ್ಯವಸ್ಥೆ ಆ ದೇಶದಲ್ಲಿದೆ. ತವರಿನಿಂದ ದೂರವಿರುವ ಬಾಣಂತಿಗೆ ಅದು ಸಣ್ಣ ಉಪಕಾರವಲ್ಲ. ಆದರೆ ಅಲ್ಲಿ ಹುಟ್ಟಿದ ಮಾತ್ರಕ್ಕೆ ಮಗು ಪೋಲೆಂಡಿನ ಪ್ರಜೆಯಾಗುವುದಿಲ್ಲ. ಒಂದು ವರ್ಷದೊಳಗೆ ಭಾರತೀಯ ರಾಯಭಾರ ಕಚೇರಿಯಲ್ಲಿ ಜನನ ನೋಂದಣಿ ಮಾಡಿಸಬೇಕು. ತುರ್ತು ಸಹಾಯಕ್ಕೆ 112 ಎಂಬ ಸಂಖ್ಯೆಯನ್ನು ಮಕ್ಕಳಿಗೂ ಕಲಿಸಿರಿ.

ಅಝಾನ್ ಕೇಳಿಸದ ಊರಿನಲ್ಲಿ

ಗಲ್ಫಿನಲ್ಲಿ ಸಮಯವನ್ನು ಬೀದಿಯೇ ನೆನಪಿಸುತ್ತದೆ. ಅಝಾನ್ ಕೇಳಿದರೆ ಅಂಗಡಿಯವನೂ ಏಳುತ್ತಾನೆ. ವ್ರೊತ್ಸ್ವಾಫ್‌ನಲ್ಲಿ ಜುಮಾ ನಡೆಯುವ ಇಸ್ಲಾಮಿ ಕೇಂದ್ರ ಇದೆಯಾದರೂ ಅಝಾನ್ ಮನೆಯ ತನಕ ಬರುವುದಿಲ್ಲ. ಅಲ್ಲಿ ಮನೆಯೇ ಮುಅಝ್ಝಿನ್ ಆಗಬೇಕು.

ಸೂರ್ಯನ ಲೆಕ್ಕವೂ ನಮ್ಮ ಅಂದಾಜಿಗೆ ಸಿಗುವಂಥದ್ದಲ್ಲ. ಡಿಸೆಂಬರಿನಲ್ಲಿ ಹಗಲು ಎಂಟು ತಾಸಿಗಿಂತಲೂ ಕಡಿಮೆ. ಝುಹ್ರ್ ಹನ್ನೆರಡರ ಒಳಗೇ ಆರಂಭ, ಒಂದೂವರೆಗೆ ಅಸ್ರ್, ಮೂರೂಮುಕ್ಕಾಲಿಗೆ ಮಗ್ರಿಬ್. ಕಚೇರಿಯ ಒಂದೇ ಪಾಳಿಯಲ್ಲಿ ಮೂರು ನಮಾಝ್! ಕೆಲಸಕ್ಕೆ ಸೇರುವಾಗಲೇ ಮೇಲಧಿಕಾರಿಯೊಡನೆ ಸೌಜನ್ಯದಿಂದ ಮಾತಾಡಿ ಹತ್ತು ನಿಮಿಷದ ಬಿಡುವು, ಒಂದು ಖಾಲಿ ಕೋಣೆ ಕೇಳಿಕೊಳ್ಳುವುದು ಉತ್ತಮ. ಜೂನಿನಲ್ಲಿ ಎಲ್ಲವೂ ತಿರುಗಾಮುರುಗಾ. ಸೂರ್ಯ ಮುಳುಗುವುದು ರಾತ್ರಿ ಒಂಬತ್ತರ ನಂತರ, ಹುಟ್ಟುವುದು ಐದರೊಳಗೆ. ನಡುವೆ ಆಕಾಶ ಪೂರ್ತಿ ಕಪ್ಪಾಗುವುದೇ ಇಲ್ಲವಾದ್ದರಿಂದ ಇಶಾ ಮತ್ತು ಫಜ್ರ್‌ನ ಸಮಯವನ್ನು ಅಂದಾಜಿನಿಂದ ನಿಗದಿಪಡಿಸುತ್ತಾರೆ. ಇಂಥಲ್ಲಿ ನಾವೇ ತರ್ಕ ಮಾಡುವ ಬದಲು ಸ್ಥಳೀಯ ಮಸೀದಿಯ ವೇಳಾಪಟ್ಟಿಯನ್ನು ಅನುಸರಿಸುವುದು ಸುರಕ್ಷಿತ.

2016ರಲ್ಲಿ ರಮಝಾನ್ ಜೂನಿನಲ್ಲಿ ಬಂದಾಗ ಅಲ್ಲಿನವರು ಹದಿನೆಂಟು ತಾಸಿಗೂ ಹೆಚ್ಚು ಉಪವಾಸವಿದ್ದರು. 2030ರಲ್ಲಿ ರಮಝಾನ್ ಎರಡು ಬಾರಿ, ಎರಡೂ ಸಲ ಚಳಿಗಾಲದಲ್ಲೇ ಆರಂಭವಾಗುವುದರಿಂದ ಹಗಲು ಬಲು ಚಿಕ್ಕದು. ಕಷ್ಟದ ವರ್ಷವನ್ನೂ ಸುಲಭದ ವರ್ಷವನ್ನೂ ಅಲ್ಲಾಹನೇ ಸರದಿಯಲ್ಲಿ ಕೊಡುತ್ತಾನೆ.

ಅಡುಗೆಮನೆಯ ನಿಘಂಟು

ಪೋಲೆಂಡಿನ ಊಟದಲ್ಲಿ ಹಂದಿಮಾಂಸ ತೀರಾ ಸಾಮಾನ್ಯ. ಆದ್ದರಿಂದ ಅಂಗಡಿಗೆ ಹೋಗುವ ಮೊದಲು ನಾಲ್ಕು ಪದ ಕಲಿಯಬೇಕು. ‘ವ್ಯೆಪ್‌ಶೊವಿನಾ’ ಅಂದರೆ ಹಂದಿಮಾಂಸ. ‘ಸ್ಮಾಲೆತ್ಸ್’ ಅಂದರೆ ಹಂದಿಯ ಕೊಬ್ಬು. ‘ಶಿಂಕಾ’, ‘ಬೊಚೆಕ್’ ಎರಡೂ ಅದೇ ಪ್ರಾಣಿಯ ಮಾಂಸದ ಬಗೆಗಳು. ‘ಝೆಲಾತಿನಾ’ ಅಂದರೆ ಜೆಲಾಟಿನ್. ಮಕ್ಕಳ ಮಿಠಾಯಿ, ಕೆಲವು ಮೊಸರುಗಳಲ್ಲಿಯೂ ಇದು ಇರುತ್ತದೆ.

ಸಸ್ಯಾಹಾರವೆಂದು ಕಣ್ಣುಮುಚ್ಚಿ ನಂಬುವಂತಿಲ್ಲ. ಆಲೂಗೆಡ್ಡೆ ಮತ್ತು ಗಿಣ್ಣು ತುಂಬಿದ, ನಮ್ಮ ಕಡುಬಿನಂತಹ ‘ಪಿಯೆರೋಗಿ’ಯ ಮೇಲೆ ಹುರಿದ ಕೊಬ್ಬಿನ ತುಣುಕುಗಳನ್ನು ಉದುರಿಸುವ ವಾಡಿಕೆಯಿದೆ. ‘ಪೊಂಚ್ಕಿ’ ಎಂಬ ಸಿಹಿ ಬನ್ನನ್ನು ಸಾಂಪ್ರದಾಯಿಕವಾಗಿ ಕರಿಯುವುದು ಸ್ಮಾಲೆತ್ಸ್‌ನಲ್ಲೇ. ಕೇಳಿ ತಿನ್ನಬೇಕು. ಕಬಾಬಿನ ಅಂಗಡಿಗಳು ಎಲ್ಲೆಡೆ ಇದ್ದರೂ ಎಲ್ಲವೂ ಹಲಾಲ್ ಅಲ್ಲ.

ಹಲಾಲ್ ಮಾಂಸದ ಪ್ರಶ್ನೆ ಅಲ್ಲಿ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದೆ. 2013ರ ಆರಂಭದಿಂದ ಧಾರ್ಮಿಕ ವಿಧಿಯ ಝಬೀಹಕ್ಕೆ ದೇಶದಲ್ಲಿ ಅವಕಾಶವಿಲ್ಲದಾಯಿತು. ಯಹೂದಿಯರು ಮತ್ತು ಮುಸ್ಲಿಮರು ಇಬ್ಬರಿಗೂ ಇದರ ಬಿಸಿ ತಟ್ಟಿತು. 2014ರ ಡಿಸೆಂಬರಿನಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಈ ನಿಷೇಧ ಧಾರ್ಮಿಕ ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ತೀರ್ಪಿತ್ತಿತು.

ನೆರೆಮನೆಯ ಬಾಗಿಲು

ಬೆಳಿಗ್ಗೆ ಎಂಟಕ್ಕೆ ಗಂಡ ಹೊರಟ ಮೇಲೆ ನಾಲ್ಕನೇ ಮಹಡಿಯ ಮನೆಯಲ್ಲಿ ಒಬ್ಬಳೇ ಉಳಿಯುವ ಹೆಣ್ಣನ್ನು ಊಹಿಸಿಕೊಳ್ಳಿ. ಹೊರಗೆ ಹಿಮ. ಟಿವಿಯ ಭಾಷೆ ತಿಳಿಯದು. ಚಳಿಗಾಲದಲ್ಲಿ ಊರಿನ ಸಮಯ ನಾಲ್ಕೂವರೆ ತಾಸು ಮುಂದಿರುವುದರಿಂದ ಅವಳ ಸಂಜೆ ಬಿಡುವಾಗುವಷ್ಟರಲ್ಲಿ ತಾಯಿ ಮಲಗಿರುತ್ತಾಳೆ. ಇಂತಹ ಒಂಟಿತನವನ್ನು ‘ಎರಡು ವರ್ಷ ತಾನೇ’ ಎಂದು ನುಂಗಿಕೊಂಡರೆ ಅದು ಮೈಗೂ ಮನಸ್ಸಿಗೂ ಕಾಯಿಲೆಯಾಗುತ್ತದೆ.

ಇದಕ್ಕೆ ಮೊದಲ ಮದ್ದು ಭಾಷೆ. ಲಿಫ್ಟಿನಲ್ಲಿ, ಅಂಗಡಿಯಲ್ಲಿ ಎದುರಾದವರಿಗೆ ‘ಜೆನ್ ದೊಬ್ರಿ’ ಎಂದು ನಮಸ್ಕರಿಸುವುದು ಅಲ್ಲಿನ ರೂಢಿ. ನಮ್ಮ ‘ಅಮ್ಮಾ’ ‘ಸಾಹೇಬರೇ’ ಎಂಬಂತೆ ಅಪರಿಚಿತರನ್ನು ‘ಪಾನಿ’, ‘ಪಾನ್’ ಎಂದು ಗೌರವದಿಂದ ಕರೆಯುತ್ತಾರೆ. ಮನೆಯೊಳಗೆ ಬರುವಾಗ ಪಾದರಕ್ಷೆ ಕಳಚುವ ಪದ್ಧತಿ ಅವರಲ್ಲೂ ಉಂಟು. ಈದಿನಂದು ಒಂದು ತಟ್ಟೆ ಸಿಹಿಯನ್ನು ನೆರೆಮನೆಗೆ ಕೊಟ್ಟು ನೋಡಿ. ನೆರೆಯವರ ಹಕ್ಕಿನ ಬಗ್ಗೆ ಪ್ರವಾದಿ(ಸ)ಯವರು ಎಷ್ಟು ಒತ್ತಿ ಹೇಳಿದ್ದಾರೆಂದು ನಮಗೆ ಗೊತ್ತಿದೆಯಲ್ಲ!

ಹಿಜಾಬ್ ಧರಿಸಲು ಕಾನೂನಿನ ಅಡ್ಡಿಯಿಲ್ಲ. ಧಾರ್ಮಿಕ ಕಾರಣವೆಂದು ಲಿಖಿತ ಹೇಳಿಕೆ ಕೊಟ್ಟರೆ ಕಾರ್ಡಿನ ಫೋಟೋದಲ್ಲೂ ತಲೆವಸ್ತ್ರ ಇರಬಹುದು. ಆದರೆ ಎಲ್ಲ ನೋಟಗಳೂ ಸ್ನೇಹದವಲ್ಲ. 2013ರಲ್ಲಿ ಗ್ದಾನ್ಸ್ಕ್ ನಗರದ ಮಸೀದಿಗೆ ಬೆಂಕಿ ಹಚ್ಚುವ ಯತ್ನ ನಡೆಯಿತು. 2015ರ ನಿರಾಶ್ರಿತರ ಚರ್ಚೆಯಲ್ಲಿ ಮುಸ್ಲಿಮರ ಬಗ್ಗೆ ಭಯ ಬಿತ್ತುವ ಮಾತುಗಳು ಅಲ್ಲಿನ ರಾಜಕೀಯದಲ್ಲಿ ಜೋರಾಗಿಯೇ ಕೇಳಿಬಂದವು. ಇದನ್ನು ತಿಳಿದೇ ಹೋಗಬೇಕು, ಹೆದರಿ ಮನೆಯೊಳಗೆ ಕೂರಬಾರದು.

ಏಳು ವರ್ಷ ತುಂಬಿದ ಮಕ್ಕಳಿಗೆ ಶಾಲೆ ಕಡ್ಡಾಯ, ಸರಕಾರಿ ಶಾಲೆ ಉಚಿತ. ಭಾಷೆ ಬಾರದ ವಿದೇಶಿ ಮಕ್ಕಳಿಗೆ ಹೆಚ್ಚುವರಿ ಪೋಲಿಷ್ ಪಾಠದ ಸೌಲಭ್ಯವೂ ಇದೆ. ಶಾಲೆಯ ಧರ್ಮಪಾಠ ಪೋಷಕರ ಇಚ್ಛೆಗೆ ಬಿಟ್ಟದ್ದು. ಹಾಗೆಂದು ನಮ್ಮ ಮದ್ರಸ ಪಕ್ಕದ ಬೀದಿಯಲ್ಲಿ ಸಿಗದು. ಕುರ್‌ಆನ್ ಪಾಠವೂ, ಮನೆಮಾತೂ ತಾಯಿಯ ಮಡಿಲಲ್ಲೇ ಆಗಬೇಕು.

ಆರು ನೂರು ವರ್ಷದ ಹೊಸಬರು

ಪೋಲೆಂಡಿನ ಮುಸ್ಲಿಮರೆಂದರೆ ನಿನ್ನೆ ಮೊನ್ನೆ ಬಂದವರಷ್ಟೇ ಅಲ್ಲ. ಹದಿನಾಲ್ಕನೇ ಶತಮಾನದ ಕೊನೆಗೆ, ಮುಂದೆ ಪೋಲೆಂಡಿನೊಡನೆ ಒಂದಾದ ಲಿಥುವೇನಿಯಾ ಸಂಸ್ಥಾನದಲ್ಲಿ ತಾತಾರ್ ಸೈನಿಕರು ನೆಲೆಸಿದರು. 1679ರಲ್ಲಿ ದೊರೆ ಯಾನ್ ಸೊಬಿಯೆಸ್ಕಿ, ಬಾಕಿಯಿದ್ದ ಸಂಬಳಕ್ಕೆ ಬದಲಾಗಿ ಅವರಿಗೆ ಪೂರ್ವದ ಹಳ್ಳಿಗಳಲ್ಲಿ ಜಮೀನು ಕೊಟ್ಟನು. ಕ್ರುಶಿನ್ಯಾನಿ ಮತ್ತು ಬೊಹೊನಿಕಿ ಎಂಬ ಹಳ್ಳಿಗಳಲ್ಲಿ ಅವರ ಮರದ ಮಸೀದಿಗಳು ಇಂದಿಗೂ ನಿಂತಿವೆ. 1925ರಲ್ಲಿ ದೇಶದ ಮುಸ್ಲಿಮರ ಧಾರ್ಮಿಕ ಸಂಘಟನೆಯನ್ನು ಕಟ್ಟಿದವರೂ ಅವರೇ.

ಸ್ಥಳೀಯ ಹೆಣ್ಣುಮಕ್ಕಳನ್ನು ಮದುವೆಯಾದ ಈ ಸೈನಿಕರ ಮನೆಗಳಲ್ಲಿ ಕಾಲಕ್ರಮೇಣ ತಾತಾರ್ ಭಾಷೆ ಮರೆತುಹೋಯಿತು. ಆದರೆ ದೀನ್ ಉಳಿಯಿತು. ದುಆಗಳ, ಧಾರ್ಮಿಕ ಬೋಧನೆಗಳ ಪುಸ್ತಕಗಳನ್ನು ಅವರು ಬೆಲರೂಸಿ ಮತ್ತು ಪೋಲಿಷ್ ಭಾಷೆಯಲ್ಲಿ, ಅರಬಿ ಲಿಪಿಯಲ್ಲಿ ಕೈಯಿಂದ ಬರೆದಿಟ್ಟರು. ಭಟ್ಕಳದ ನವಾಯತರು ತಮ್ಮ ಭಾಷೆಯನ್ನು ಬರೆಯುವ ಕ್ರಮವನ್ನು ಬಲ್ಲವರಿಗೆ ಇದು ಹತ್ತಿರದ ಸಂಗತಿಯೆನಿಸೀತು. ನೆಲದ ಮಾತನ್ನು ಕಲಿತು, ತಮ್ಮ ನಂಬಿಕೆಯನ್ನು ಆ ಮಾತಿನಲ್ಲೇ ಬರೆದಿಟ್ಟುದರಿಂದ ಅವರು ಆರು ನೂರು ವರ್ಷ ಬಾಳಿದರು.

ಎರಡು ವರ್ಷಕ್ಕೆ ಹೋಗುವವರಿಗೆ ಅಷ್ಟು ದೂರದ ಚಿಂತೆ ಬೇಡ. ಆದರೆ ಸೂಟ್‌ಕೇಸನ್ನು ಬಿಚ್ಚದೆ ಬಾಗಿಲ ಬಳಿಯೇ ಇಟ್ಟುಕೊಂಡವರಂತೆಯೂ ಬದುಕಬೇಡಿ. ಕಾಗದಪತ್ರಗಳನ್ನು ನಿಮ್ಮ ಹೆಸರಿನಲ್ಲಿ ನೀವೇ ತಿಳಿದುಕೊಳ್ಳಿ, ದಿನಕ್ಕೆ ಐದು ಪದ ಕಲಿಯಿರಿ, ಹತ್ತಿರದ ಇಸ್ಲಾಮಿ ಕೇಂದ್ರದ ಸಹೋದರಿಯರ ಪರಿಚಯ ಮಾಡಿಕೊಳ್ಳಿ, ನೆರೆಮನೆಯ ಬಾಗಿಲು ತಟ್ಟಿರಿ. ನಮಾಝನ್ನು ಪೂರ್ಣವಾಗಿ ಮಾಡಬೇಕಾದ ಊರಿನಲ್ಲಿ ಬದುಕನ್ನೂ ಪೂರ್ಣವಾಗಿಯೇ ಬಾಳಬೇಕು. ಪರವೂರಿನಲ್ಲಿರುವ ನಮ್ಮ ಸಹೋದರಿಯರ ಮನೆಗಳನ್ನು ಅಲ್ಲಾಹನು ನೆಮ್ಮದಿಯಿಂದ ತುಂಬಲಿ, ಆಮೀನ್.