ತಿಂಗಳಿಗೆ 600 ಡಾಲರ್ ಸಂಬಳದ ದೊಡ್ಡ ಕುರ್ಚಿ

ಅಮೆರಿಕದ ಟೆಕ್ಸಸ್ ರಾಜ್ಯದ ಲೆಫ್ಟಿನೆಂಟ್ ಗವರ್ನರ್‌ಗೆ ತಿಂಗಳಿಗೆ 600 ಡಾಲರ್ ಸಂಬಳ, ವರ್ಷಕ್ಕೆ 7,200. ರಾಜಧಾನಿ ಆಸ್ಟಿನ್‌ನಲ್ಲಿ ಆ ದುಡ್ಡಿಗೆ ತಿಂಗಳ ಮನೆ ಬಾಡಿಗೆಯೂ ಹುಟ್ಟದು. ಆದರೂ ಈ ಕುರ್ಚಿಗಾಗಿ ಅಭ್ಯರ್ಥಿಗಳು ಕೋಟಿಗಟ್ಟಲೆ ಸುರಿಯುತ್ತಾರೆ. ಶಾಸನಸಭೆಯಲ್ಲಿ ಕೆಲಸ ಆಗಬೇಕಿದ್ದವರು ಎಷ್ಟೋ ಸಲ ಗವರ್ನರ್‌ಗಿಂತ ಮೊದಲು ಇವರನ್ನೇ ಹುಡುಕಿಕೊಂಡು ಹೋಗುವುದುಂಟು.

ದೆಹಲಿ, ಪುದುಚೇರಿಗಳ ಲೆಫ್ಟಿನೆಂಟ್ ಗವರ್ನರ್‌ಗಳನ್ನು ರಾಷ್ಟ್ರಪತಿ ನೇಮಿಸುತ್ತಾರೆ. ಟೆಕ್ಸಸ್‌ನಲ್ಲಿ ಜನರೇ ಆರಿಸುತ್ತಾರೆ, ಅದೂ ಗವರ್ನರ್‌ಗೆ ಬೇರೆ ಓಟು, ಇವರಿಗೆ ಬೇರೆ ಓಟು. ಹಾಗಾಗಿ ಇಬ್ಬರೂ ಬೇರೆ ಬೇರೆ ಪಕ್ಷದವರಾಗಿರಬಹುದು. 1995ರಲ್ಲಿ ರಿಪಬ್ಲಿಕನ್ ಜಾರ್ಜ್ ಬುಷ್ ಗವರ್ನರ್ ಆದಾಗ ಈ ಕುರ್ಚಿಯಲ್ಲಿದ್ದವರು ಡೆಮಾಕ್ರಟ್ ಬಾಬ್ ಬುಲಕ್. ಮಹಾ ಮುಂಗೋಪಿ. ಆದರೆ ಬುಷ್ ಜತೆ ಎಷ್ಟು ಚೆನ್ನಾಗಿ ಹೊಂದಿಕೊಂಡರೆಂದರೆ, 1998ರ ಚುನಾವಣೆಗೆ ಸ್ವಂತ ಪಕ್ಷದ ಅಭ್ಯರ್ಥಿಯನ್ನು ಬಿಟ್ಟು ಬುಷ್‌ಗೆ ಬೆಂಬಲ ಸಾರಿದರು.

ಈ ಹುದ್ದೆಯ ಮೊದಲ ಚುನಾವಣೆಯೇ ಗೊಂದಲದ್ದು. ಮೊದಮೊದಲ ಎಣಿಕೆಯಲ್ಲಿ ಗೆದ್ದವರು ನಿಕೋಲಸ್ ಡಾರ್ನೆಲ್. ದಕ್ಷಿಣ ಟೆಕ್ಸಸ್‌ನ ಮತಗಳು ತಡವಾಗಿ ಬಂದ ಮೇಲೆ ಲೆಕ್ಕ ತಲೆಕೆಳಗಾಗಿ, 1846ರಲ್ಲಿ ಆಲ್ಬರ್ಟ್ ಹಾರ್ಟನ್ ಅಧಿಕಾರ ಹಿಡಿದರು. ಅದೇ ವರ್ಷ ಗವರ್ನರ್ ಹೆಂಡರ್ಸನ್ ಮೆಕ್ಸಿಕೊ ಯುದ್ಧಕ್ಕೆ ಹೊರಟು ನಿಂತಿದ್ದರಿಂದ ರಾಜ್ಯಭಾರವೂ ಹಾರ್ಟನ್ ಹೆಗಲಿಗೇ ಬಿತ್ತು.

ಅಂತರ್ಯುದ್ಧದ ನಂತರ ಗವರ್ನರ್ ಎಡ್ಮಂಡ್ ಡೇವಿಸ್ ಕೈಯಲ್ಲಿ ಅಧಿಕಾರ ಗುಡ್ಡೆ ಬಿದ್ದದ್ದನ್ನು ಕಂಡು ರೋಸಿಹೋದವರು 1876ರ ಸಂವಿಧಾನದಲ್ಲಿ ಗವರ್ನರ್ ಹುದ್ದೆಯ ರೆಕ್ಕೆ ಕತ್ತರಿಸಿದರು. ಲೆಫ್ಟಿನೆಂಟ್ ಗವರ್ನರ್‌ಗೂ ಅದರಲ್ಲಿ ಹೆಚ್ಚೇನೂ ಕೊಡಲಿಲ್ಲ: ಸೆನೆಟ್‌ನ ಅಧ್ಯಕ್ಷತೆ, ಮತಗಳು ಸಮವಾದಾಗ ಒಂದು ಓಟು. ಉಳಿದ ಬಲವೆಲ್ಲ 31 ಸೆನೆಟರ್‌ಗಳು ತಾವೇ ಬರೆದುಕೊಂಡ ಸದನದ ನಿಯಮಗಳಿಂದ ಬಂದದ್ದು. ಯಾವ ಸಮಿತಿಗೆ ಯಾರು, ಯಾವ ಮಸೂದೆ ಯಾವ ಸಮಿತಿಗೆ, ಮಾತಾಡಲು ಎದ್ದವರಲ್ಲಿ ಯಾರಿಗೆ ಅವಕಾಶ, ಎಲ್ಲವೂ ಅಧ್ಯಕ್ಷರ ಮರ್ಜಿ. ಅಧಿವೇಶನ ಎರಡು ವರ್ಷಕ್ಕೊಮ್ಮೆ, ಅದೂ 140 ದಿನ. ಅಧ್ಯಕ್ಷರು ನಿಮ್ಮತ್ತ ತಿರುಗಿ ನೋಡದಿದ್ದರೆ ಸಾಕು, ಮಸೂದೆ ಸತ್ತಂತೆ. ಕೊಟ್ಟವರು ಬೇಕೆಂದಾಗ ಇದನ್ನೆಲ್ಲ ಕಿತ್ತುಕೊಳ್ಳಬಹುದು. ಆದರೆ ತಮ್ಮ ಮಸೂದೆಗೆ ದಾರಿ ಬಿಡಬೇಕಾದವರನ್ನು ಎದುರು ಹಾಕಿಕೊಳ್ಳುವವರು ಯಾರು?

1979ರಲ್ಲಿ ಹನ್ನೆರಡು ಮಂದಿ ಹಾಕಿಕೊಂಡರು. ಬಿಲ್ ಹಾಬಿ ಆಗ ಲೆಫ್ಟಿನೆಂಟ್ ಗವರ್ನರ್. 1973ರಿಂದ 1991ರವರೆಗೆ, ಹದಿನೆಂಟು ವರ್ಷ ಆ ಕುರ್ಚಿ ಬಿಡದವರು. ಅವರಷ್ಟು ದೀರ್ಘ ಕಾಲ ಕೂತವರು ಅದುವರೆಗೆ ಇರಲಿಲ್ಲ. ಅಮೆರಿಕದ ಅಧ್ಯಕ್ಷ ಸ್ಥಾನಕ್ಕೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿಯ ದಿನಾಂಕ ಬದಲಿಸುವ ಮಸೂದೆಯನ್ನು ಅವರು ಮುಂದೊತ್ತಿದಾಗ, ಕೋರಂ ಮುರಿಯಲು ಹನ್ನೆರಡು ಸೆನೆಟರ್‌ಗಳು ತಲೆಮರೆಸಿಕೊಂಡರು. ಹಾಬಿ ಅವರನ್ನು ‘ಕೊಲೆಗಾರ ಜೇನ್ನೊಣಗಳು’ ಎಂದು ಹಂಗಿಸಿದರು. ಪೊಲೀಸರು ಹುಡುಕಿದ್ದೇ ಹುಡುಕಿದ್ದು. ಕೊನೆಗೆ ಒಬ್ಬರನ್ನು ಹಿಡಿದು ಹೆಲಿಕಾಪ್ಟರಿನಲ್ಲಿ ತಂದರು, ನೋಡಿದರೆ ಆತ ಸೆನೆಟರ್ ಅಲ್ಲ, ಸೆನೆಟರ್‌ನ ಸಹೋದರ! ತಲೆಮರೆಸಿಕೊಂಡವರಲ್ಲಿ ಹೆಚ್ಚಿನವರು ಆಸ್ಟಿನ್‌ನಲ್ಲೇ, ಗ್ಯಾರೇಜಿಗೆ ಅಂಟಿದ ಸಣ್ಣ ಮನೆಯೊಂದರಲ್ಲಿ ಅವಿತಿದ್ದರು. ಮಸೂದೆ ಬಿತ್ತು.

1998ರ ಚುನಾವಣೆಯಲ್ಲಿ ಬುಷ್ ಮೂರನೇ ಎರಡಕ್ಕಿಂತ ಹೆಚ್ಚು ಮತ ಬಾಚಿದರೆ, ಅದೇ ದಿನ ಅದೇ ಪಕ್ಷದ ರಿಕ್ ಪೆರ್ರಿ ಈ ಕುರ್ಚಿಗೆ ಏದುಸಿರು ಬಿಡುತ್ತ ಗೆದ್ದರು. ಅಂತರ ಶೇ 2ಕ್ಕಿಂತ ಕಡಿಮೆ. ಎರಡು ವರ್ಷದಲ್ಲಿ ಬುಷ್ ಅಮೆರಿಕದ ಅಧ್ಯಕ್ಷಗಿರಿಗೆ ಆಯ್ಕೆಯಾದರು, ಪೆರ್ರಿ ಚುನಾವಣೆಯಿಲ್ಲದೆ ಗವರ್ನರ್ ಆದರು. ತೆರವಾದ ಜಾಗಕ್ಕೆ ಸೆನೆಟರ್‌ಗಳು ತಮ್ಮೊಳಗಿನ ಬಿಲ್ ರ‍್ಯಾಟ್ಲಿಫ್‌ರನ್ನು ಆರಿಸಿದರು.

ಅಲ್ಪಸಂಖ್ಯಾತ ಪಕ್ಷಕ್ಕೆ ಆಸರೆಯಾಗಿದ್ದುದು ಇನ್ನೊಂದು ರೂಢಿ. ಸೆನೆಟ್‌ನ ಮಸೂದೆಗಳ ಪಟ್ಟಿಯ ತಲೆಯಲ್ಲಿ ಯಾರೂ ಕೈಗೆತ್ತಿಕೊಳ್ಳದ ಮಸೂದೆಯೊಂದನ್ನು ಇಟ್ಟುಬಿಡುವುದು. ಅದನ್ನು ದಾಟಿ ಮುಂದಿನದಕ್ಕೆ ಹೋಗಲು ಮೂರನೇ ಎರಡು ಬಹುಮತ, ಅಂದರೆ ಎಲ್ಲರೂ ಹಾಜರಿದ್ದರೆ 21 ಮತ ಬೇಕಿತ್ತು. ಹಾಗಾಗಿ 11 ಮಂದಿ ಒಗ್ಗಟ್ಟಾದರೆ ಏನನ್ನೂ ತಡೆಯಬಹುದಿತ್ತು. 2015ರಲ್ಲಿ ಡ್ಯಾನ್ ಪ್ಯಾಟ್ರಿಕ್ ಲೆಫ್ಟಿನೆಂಟ್ ಗವರ್ನರ್ ಆಗಿ ಬಂದವರೇ ಆ 21ನ್ನು 19ಕ್ಕೆ ಇಳಿಸುವಂತೆ ನಿಯಮ ತಿದ್ದಿಸಿದರು. 2020ರ ಚುನಾವಣೆಯಲ್ಲಿ ಸೆನೆಟ್‌ನ ರಿಪಬ್ಲಿಕನ್ನರ ಬಲ 18ಕ್ಕೆ ಇಳಿಯಿತು. 2021ರ ಜನವರಿಯಲ್ಲಿ ಬೇಕಾದ ಮತವೂ 18ಕ್ಕೇ ಇಳಿಯಿತು.