ಅರ್ಬುತನು ಹುಲ್ಲು ಮೇಯಬಹುದಿತ್ತೇ?

‘ಗೋವಿನ ಹಾಡ’ನ್ನು ಓದಿದವರಲ್ಲಿ ಒಂದು ಪ್ರಶ್ನೆ ಮೂಡುವುದು ಸಹಜ. ಪುಣ್ಯಕೋಟಿಯನ್ನು ತಿನ್ನಲೊಲ್ಲದ ಹುಲಿ ಪ್ರಾಣವನ್ನೇಕೆ ನೀಗಬೇಕು? ಹುಲ್ಲನ್ನಾದರೂ ತಿಂದು ಬದುಕಬಹುದಿತ್ತಲ್ಲವೇ? ಇದಕ್ಕೆ ಉತ್ತರವನ್ನು ಆ ಎರಡು ಪ್ರಾಣಿಗಳ ಒಡಲಿನಲ್ಲಿ ಹುಡುಕಬೇಕು.

ಹುಲ್ಲಿನ ಶಕ್ತಿಯ ದೊಡ್ಡ ಪಾಲು ಸೆಲ್ಯುಲೋಸ್ ಎಂಬ ನಾರಿನಲ್ಲಿ ಅಡಗಿದೆ. ಅದನ್ನು ಒಡೆಯಬಲ್ಲ ಕಿಣ್ವ ಹುಲಿಯ ದೇಹದಲ್ಲಿಲ್ಲ. ಹಸುವಿನ ದೇಹವೂ ಅದನ್ನು ತಯಾರಿಸದು. ಆದರೆ ಹಸುವಿನ ಹೊಟ್ಟೆಯ ನಾಲ್ಕು ಕೋಣೆಗಳಲ್ಲಿ ಮೊದಲನೆಯದಾದ ರೂಮೆನ್ ಅಸಂಖ್ಯ ಸೂಕ್ಷ್ಮಜೀವಿಗಳ ಬೀಡು. ಅವು ನಾರನ್ನು ಹುದುಗಿಸಿ ಅಸಿಟಿಕ್, ಪ್ರೊಪಿಯಾನಿಕ್, ಬ್ಯುಟಿರಿಕ್ ಆಮ್ಲಗಳನ್ನು ಉಂಟುಮಾಡುತ್ತವೆ. ಹಸುವಿನ ಶಕ್ತಿಯ ಸುಮಾರು ಶೇ. 70 ಭಾಗ ಈ ಆಮ್ಲಗಳಿಂದಲೇ ಒದಗುತ್ತದೆ. ಬಳಿಕ ಆ ಜೀವಿಗಳೂ ಮುಂದಿನ ಕೋಣೆಗಳಿಗೆ ಸಾಗಿ, ಜೀರ್ಣಗೊಂಡು ಪ್ರೋಟೀನ್ ಆಗುತ್ತವೆ. ನಮ್ಮ ಮುರಕಲ್ಲಿನ ಗುಡ್ಡಗಳಲ್ಲಿ ಮೇಯುವ ಕಾಸರಗೋಡು ಗಿಡ್ಡ ತಳಿಯ ಹಸು ಒಣಹುಲ್ಲು, ಸೊಪ್ಪುಗಳಿಂದಲೇ ಹಾಲು ಕೊಡುವುದರ ಗುಟ್ಟು ಇದು.

ನುಂಗಿದ್ದನ್ನು ಮರಳಿ ಬಾಯಿಗೆ ತಂದು ನುಣ್ಣಗೆ ಅಗಿಯುವುದೇ ಮೆಲುಕು. ಸಂಸ್ಕೃತದ ‘ರೋಮಂಥ’ ಮರಾಠಿಯಲ್ಲಿ ‘ರವಂಥ’ವಾಗಿದೆ. ನಾವು ನೆನಪುಗಳನ್ನು ಮೆಲುಕು ಹಾಕುವಂತೆ ಮರಾಠಿಗರೂ ವಿಚಾರಗಳ ರವಂಥ ಮಾಡುತ್ತಾರೆ. ಕೊಟ್ಟಿಗೆಯನ್ನು ಬಲ್ಲ ಜನ ಕಟ್ಟಿದ ರೂಪಕವಿದು.

ಹುಲಿಗೆ ಈ ನಿಧಾನದ ಏರ್ಪಾಡಿಲ್ಲ. ಹಸುವಿನ ಕರುಳು ಅದರ ದೇಹದ ಉದ್ದದ ಸುಮಾರು 20 ಪಟ್ಟು. ಹುಲಿಯದು ತೀರ ಗಿಡ್ಡ. ಮಾಂಸದ ಪ್ರೋಟೀನ್ ಹಾಗೂ ಕೊಬ್ಬು ಬೇಗನೆ ಜೀರ್ಣವಾಗುವುದರಿಂದ ಅಷ್ಟೇ ಸಾಕು. ಅದರ ಯಕೃತ್ತು ಪ್ರೋಟೀನಿನ ಅಮೈನೋ ಆಮ್ಲಗಳಿಂದಲೇ ಗ್ಲೂಕೋಸ್ ತಯಾರಿಸಿಕೊಳ್ಳುತ್ತದೆ. ಬೆಕ್ಕಿನ ಕುಲದ ಪ್ರಾಣಿಗಳಲ್ಲಿ ಪ್ರೋಟೀನನ್ನು ಒಡೆಯುವ ಈ ಕೆಲಸ ಆಹಾರ ಕಡಿಮೆಯಾದಾಗಲೂ ಹೆಚ್ಚು ತಗ್ಗದು. ಬೇಟೆ ಸಿಗದಿದ್ದರೆ ಸ್ವಂತ ಸ್ನಾಯುವೇ ಕರಗತೊಡಗುತ್ತದೆ. ಸೊಪ್ಪಿನ ಕ್ಯಾರೋಟೀನನ್ನು ಎ ಜೀವಸತ್ವವಾಗಿ ಮಾರ್ಪಡಿಸಿಕೊಳ್ಳುವ ಸಾಮರ್ಥ್ಯವೂ ಅವಕ್ಕಿಲ್ಲ; ಅದು ಬೇಟೆಯ ದೇಹದಿಂದಲೇ ಸಿಗಬೇಕು.

ಹುಲ್ಲಿನಿಂದ ಹಸುವಿಗೆ, ಹಸುವಿನಿಂದ ಹುಲಿಗೆ ಶಕ್ತಿ ಸಾಗುವಾಗ ಪ್ರತಿ ಮೆಟ್ಟಿಲಲ್ಲೂ ಸ್ಥೂಲವಾಗಿ 10ರಲ್ಲಿ 1 ಪಾಲು ಮಾತ್ರ ಮುಂದಿನ ಜೀವಿಯ ದೇಹವಾಗಿ ಉಳಿಯುತ್ತದೆ. ಆದುದರಿಂದಲೇ ದೊಡ್ಡಿ ತುಂಬ ಹಸುಗಳಿದ್ದರೂ ಕಾಡಿನಲ್ಲಿ ಹುಲಿಗಳು ವಿರಳ.

ಅರ್ಬುತನು ಬೇರೊಂದು ಹಸುವನ್ನು ಅರಸಬಹುದಿತ್ತು. ಆದರೆ ಕೊಲ್ಲುವುದನ್ನೇ ತೊರೆದ ಹುಲಿಗೆ ಬದುಕಿಲ್ಲ. ಹಾಡು ಕಟ್ಟಿದವರು ಕಿಣ್ವದ ಹೆಸರನ್ನು ಅರಿಯರು, ಹುಲಿಯನ್ನು ಅರಿತಿದ್ದರು. ಅದರ ಹಸಿವು ದುಷ್ಟತನವಲ್ಲ, ಶರೀರಧರ್ಮ. ಪರೀಕ್ಷೆಯಲ್ಲಿ ‘ಸತ್ಯಕ್ಕೆ ಜಯ’ ಎಂದು ಬರೆಯುವ ಮುನ್ನ, ಆ ಜಯಕ್ಕೆ ಬೆಲೆ ತೆತ್ತವರು ಯಾರೆಂಬುದನ್ನೂ ವಿದ್ಯಾರ್ಥಿಗಳು ಒಮ್ಮೆ ಮೆಲುಕು ಹಾಕಬೇಕು.